ರೈತನ ಗುರಿ, ರೈತನ ದಾರಿ: ಅನುವುಗಾರರ ಪಾತ್ರ

(ರೈತರು ಮತ್ತು ವಿಸ್ತರಣಾ ಕಾರ್ಯಕರ್ತರ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣದ ಪಾಠ)



ಭತ್ತದ ಗದ್ದೆಯ ಬದುವಿನ ಮೇಲೆ ನಿಂತ ರೈತನೊಬ್ಬ ಅಂಗೈಯಲ್ಲಿ ಒಂದು ಹುಳುವನ್ನು ಹಿಡಿದು, "ಸಾರ್, ಇದು ಯಾವ ಹುಳ? ಇದಕ್ಕೆ ಏನು ಹೊಡೀಬೇಕು?" ಎಂದು ಕೇಳುವುದು ಯಾವ ಹಳ್ಳಿಯಲ್ಲಾದರೂ ಕಾಣುವ ದೃಶ್ಯ. ಇದಕ್ಕೆ ವಿಸ್ತರಣಾ ಕಾರ್ಯಕರ್ತರು ಎರಡು ರೀತಿಯಲ್ಲಿ ಉತ್ತರ ಕೊಡಬಹುದು. ಹುಳುವಿನ ಹೆಸರು, ಔಷಧಿಯ ಹೆಸರು ಮತ್ತು ಒಂದು ಲೀಟರ್ ನೀರಿಗೆ ಬೆರೆಸಬೇಕಾದ ಪ್ರಮಾಣ ಇವಿಷ್ಟನ್ನು ಹೇಳಿ ಮುಂದಿನ ಹಳ್ಳಿಗೆ ಹೊರಡುವುದು ಒಂದು ರೀತಿ. "ಇದನ್ನು ಎಲ್ಲಿ ಹಿಡಿದಿರಿ? ಎಲೆಯ ಮೇಲೋ, ಪೈರಿನ ಬುಡದಲ್ಲೋ? ಆಗ ಅದು ಏನು ಮಾಡುತ್ತಿತ್ತು? ಗದ್ದೆಯಲ್ಲಿ ಇಂಥವು ಎಷ್ಟಿವೆ? ಬನ್ನಿ, ಒಟ್ಟಿಗೆ ನೋಡೋಣ" ಎಂದು ರೈತನ ಜೊತೆ ಗದ್ದೆಗೆ ಇಳಿಯುವುದು ಇನ್ನೊಂದು ರೀತಿ.

ಮೊದಲನೆಯದು ಒಂದು ನಿಮಿಷದ ಕೆಲಸ, ಎರಡನೆಯದಕ್ಕೆ ಅರ್ಧ ದಿನವಾದರೂ ಬೇಕು. ಮೇಲುನೋಟಕ್ಕೆ ಮೊದಲನೆಯವರು ತಿಳಿದವರಂತೆಯೂ ಎರಡನೆಯವರು ತಿಳಿಯದವರಂತೆಯೂ ಕಾಣುತ್ತಾರೆ. ಆದರೆ ಮುಂದಿನ ಹಂಗಾಮಿನಲ್ಲಿ ಅದೇ ಗದ್ದೆಗೆ ಹೋಗಿ ನೋಡಿದರೆ ಮೊದಲನೆಯ ರೈತ ಮತ್ತೆ ಅದೇ ಪ್ರಶ್ನೆಯನ್ನು ಕೇಳಲು ಅಧಿಕಾರಿಯ ದಾರಿ ಕಾಯುತ್ತಿರುತ್ತಾನೆ. ಇಲ್ಲವೇ ಔಷಧಿ ಅಂಗಡಿಯವರನ್ನೇ ಕೇಳಿರುತ್ತಾನೆ. ಎರಡನೆಯ ರೈತ ತಾನೇ ಗದ್ದೆಗೆ ಇಳಿದು, ಬುಡ ಬಿಡಿಸಿ ನೋಡಿ, ಹೊಡೆಯಬೇಕೋ ಬೇಡವೋ ಎಂಬುದನ್ನು ನಿರ್ಧರಿಸಿರುತ್ತಾನೆ.

ಉತ್ತರವನ್ನು ಕೊಟ್ಟುಬಿಡದೆ, ಉತ್ತರ ಹುಡುಕುವ ಶಕ್ತಿಯನ್ನು ಕೇಳಿದವರಲ್ಲೇ ಬೆಳೆಸುವ ಈ ಕೆಲಸಕ್ಕೆ ಕನ್ನಡದಲ್ಲಿ 'ಅನುವುಗಾರಿಕೆ' ಎಂಬ ಒಳ್ಳೆಯ ಮಾತು ಬಳಕೆಗೆ ಬಂದಿದೆ. ಅನುವು ಮಾಡಿಕೊಡುವವರೇ ಅನುವುಗಾರರು. 2009ರಲ್ಲಿ ಕರ್ನಾಟಕದಲ್ಲಿ ಆರಂಭವಾದ ಭೂಚೇತನ ಕಾರ್ಯಕ್ರಮದಲ್ಲಿ 'ರೈತ ಅನುವುಗಾರರು' ಹಳ್ಳಿ ಹಳ್ಳಿಗಳಲ್ಲಿ ದುಡಿದುದು ಅನೇಕರಿಗೆ ನೆನಪಿರಬಹುದು. ಅನುವುಗಾರಿಕೆ ಎಂದರೇನು, ಅದು ಎಲ್ಲಿ ಫಲ ಕೊಟ್ಟಿತು, ಎಲ್ಲಿ ಸೋತಿತು, ಒಂದು ರೈತ ಕುಟುಂಬ ತನ್ನ ಗುರಿಯನ್ನು ಸ್ಪಷ್ಟಪಡಿಸಿಕೊಂಡು ಅದನ್ನು ಮುಟ್ಟಲು ಇದು ಹೇಗೆ ನೆರವಾಗುತ್ತದೆ ಎಂಬುದೇ ಈ ಭಾಷಣದ ವಿಷಯ.

ಸಂದೇಶ ಮುಟ್ಟಿಸುವ ವಿಸ್ತರಣೆ

ಹಸಿರು ಕ್ರಾಂತಿಯ ದಿನಗಳಲ್ಲಿ ವಿಸ್ತರಣೆಯ ಮುಖ್ಯ ಕೆಲಸ ಸಂದೇಶ ಮುಟ್ಟಿಸುವುದಾಗಿತ್ತು. ಸಂಶೋಧನಾ ಕೇಂದ್ರದಲ್ಲಿ ಹೊಸ ತಳಿ ಸಿದ್ಧವಾಗುತ್ತಿತ್ತು. ಅದರ ಬಿತ್ತನೆ ಕಾಲ, ಬೀಜದ ಪ್ರಮಾಣ ಮತ್ತು ಗೊಬ್ಬರದ ಪ್ರಮಾಣವನ್ನು ರೈತರಿಗೆ ತಿಳಿಸಬೇಕಾಗಿತ್ತು. ಡೇನಿಯಲ್ ಬೆನೋರ್ ಅವರು ರೂಪಿಸಿದ 'ತರಬೇತಿ ಮತ್ತು ಭೇಟಿ' ಪದ್ಧತಿ ಭಾರತದಲ್ಲಿ 1974ರಲ್ಲಿ ಚಂಬಲ್ ಅಚ್ಚುಕಟ್ಟು ಪ್ರದೇಶದಲ್ಲಿ ಆರಂಭಗೊಂಡು ಅನಂತರ ದೇಶದ ಬಹುತೇಕ ರಾಜ್ಯಗಳಿಗೆ ಹರಡಿತು. ಗ್ರಾಮ ಮಟ್ಟದ ಕಾರ್ಯಕರ್ತರು ಗೊತ್ತಾದ ದಿನದಂದು ಹಳ್ಳಿಗೆ ಹೋಗಿ, ಆಯ್ದ ಸಂಪರ್ಕ ರೈತರಿಗೆ ಆ ಪಕ್ಷದ ಸಂದೇಶವನ್ನು ತಿಳಿಸಬೇಕು, ಅವರು ಉಳಿದವರಿಗೆ ತಿಳಿಸಬೇಕು ಎಂಬುದೇ ಇದರ ಕ್ರಮ.

ಈ ಪದ್ಧತಿಯಿಂದ ಪ್ರಯೋಜನವಾಗಲಿಲ್ಲ ಎಂದು ಹೇಳುವಂತಿಲ್ಲ. ನೀರಾವರಿ ಇದ್ದ ಕಡೆ, ಎಲ್ಲರ ಹೊಲಕ್ಕೂ ಒಂದೇ ಸಂದೇಶ ಹೊಂದುವ ಕಡೆ ಅದು ವೇಗವಾಗಿ ಕೆಲಸ ಮಾಡಿತು. ಆದರೆ ಒಣ ಬೇಸಾಯದಲ್ಲಿ ಒಬ್ಬನ ಹೊಲದಂತೆ ಇನ್ನೊಬ್ಬನ ಹೊಲವಿಲ್ಲ. ಒಂದೇ ಊರಿನಲ್ಲಿ ಮೇಲಿನ ಹೊಲ ಮರಳುಗಲ್ಲು, ಕೆಳಗಿನದು ಎರೆ. ಒಬ್ಬರ ಮನೆಯಲ್ಲಿ ದುಡಿಯುವ ಕೈ ನಾಲ್ಕು, ಇನ್ನೊಬ್ಬರಲ್ಲಿ ಒಂದೇ. ಇಂಥಲ್ಲಿ ಎಲ್ಲರಿಗೂ ಒಂದೇ ಸಂದೇಶ ಸಾಲದು. ಸಂದೇಶವನ್ನು ತನ್ನ ಹೊಲಕ್ಕೂ ತನ್ನ ಮನೆಗೂ ಹೊಂದಿಸಿಕೊಳ್ಳುವ ವಿವೇಚನೆ ರೈತನಲ್ಲೇ ಇರಬೇಕಾಗುತ್ತದೆ.

ಇದಕ್ಕೆ ಸಮಪಾತಳಿ ಬದುಗಳು ಒಳ್ಳೆಯ ಉದಾಹರಣೆ. ನೆಲದ ಏರಿಳಿತಕ್ಕೆ ಅನುಗುಣವಾಗಿ ಒಂದೇ ಮಟ್ಟದಲ್ಲಿ ಬದು ಹಾಕಬೇಕೆಂಬುದು ತಾಂತ್ರಿಕವಾಗಿ ಸರಿಯಾದ ಮಾತು. ಆದರೆ ಮಟ್ಟದ ಗೆರೆ ಸಣ್ಣ ಹಿಡುವಳಿಗಳನ್ನು ಅಡ್ಡಡ್ಡ ಕತ್ತರಿಸಿಕೊಂಡು ಹೋಗುತ್ತದೆ. ಮೂಲೆಗಳಲ್ಲಿ ಎತ್ತು ತಿರುಗದೆ ಉಳುಮೆ ನಿಲ್ಲುತ್ತದೆ, ಒಬ್ಬರ ನೀರು ಇನ್ನೊಬ್ಬರ ಹೊಲಕ್ಕೆ ನುಗ್ಗುತ್ತದೆ, ಎರೆಭೂಮಿಯಲ್ಲಿ ಬದುವಿನ ಹಿಂದೆ ನೀರು ನಿಂತು ಬೆಳೆ ಹಳದಿಯಾಗುತ್ತದೆ. ಆದ್ದರಿಂದ ಅನೇಕ ಕಡೆ ಸರ್ಕಾರದ ವೆಚ್ಚದಲ್ಲಿ ಹಾಕಿದ ಬದುಗಳನ್ನು ರೈತರು ಕೆಲವೇ ವರ್ಷಗಳಲ್ಲಿ ಉತ್ತು ಕೆಡವಿದರು. ಅವರು ಮಣ್ಣಿನ ಸಂರಕ್ಷಣೆಯ ವಿರೋಧಿಗಳೇನೂ ಆಗಿರಲಿಲ್ಲ. ತಮ್ಮ ಹೊಲದ ಎಲ್ಲೆಯ ಮೇಲೆ, ತಮ್ಮದೇ ಕಲ್ಲು ಮಣ್ಣಿನಿಂದ ಬದು ಹಾಕಿ, ಕೊರಕಲಿಗೆ ಅಡ್ಡಲಾಗಿ ಕಲ್ಲು ಕಟ್ಟಿ, ಕೊಚ್ಚಿ ಬಂದ ಮಣ್ಣನ್ನು ತಡೆದು ಗದ್ದೆ ಮಾಡಿಕೊಂಡವರೂ ಅವರೇ. ಬದು ಎಲ್ಲಿ ಬೇಕು ಎಂದು ಯಾರೂ ಅವರನ್ನು ಕೇಳಿರಲಿಲ್ಲ. ಕೊರತೆ ಇದ್ದದ್ದು ಅಷ್ಟೇ.

ಜಾವಾ ದ್ವೀಪದ ಪಾಠ

ಅನುವುಗಾರಿಕೆಯ ಅತ್ಯಂತ ದೊಡ್ಡ ಪ್ರಯೋಗ ನಡೆದದ್ದು ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ. 1970ರ ದಶಕದಲ್ಲಿ ಅಲ್ಲಿಯ ಸರ್ಕಾರ ಅಧಿಕ ಇಳುವರಿ ತಳಿ, ರಸಗೊಬ್ಬರ ಮತ್ತು ಕೀಟನಾಶಕಗಳನ್ನು ಒಟ್ಟಿಗೆ ರೈತರಿಗೆ ಒದಗಿಸಿತು. ಕೀಟನಾಶಕಗಳ ಬೆಲೆಯ ಬಹುಪಾಲನ್ನು ಸರ್ಕಾರವೇ ಸಹಾಯಧನವಾಗಿ ಭರಿಸುತ್ತಿತ್ತು. ಅಗ್ಗವಾಗಿ ಸಿಕ್ಕಿದ ಔಷಧಿಯನ್ನು ರೈತರು ಹುಳು ಕಂಡರೂ ಹೊಡೆದರು, ಕಾಣದಿದ್ದರೂ ಹೊಡೆದರು. 1984ರ ಹೊತ್ತಿಗೆ ಆ ದೇಶ ಅಕ್ಕಿಯಲ್ಲಿ ಸ್ವಾವಲಂಬನೆ ಸಾಧಿಸಿತು. ಆದರೆ ಮರುವರ್ಷದಿಂದಲೇ ಕಂದು ಜಿಗಿಹುಳುವಿನ ಹಾವಳಿ ಜಾವಾದ ಭತ್ತದ ಬಯಲುಗಳನ್ನು ಬೆಂಕಿ ಬಿದ್ದಂತೆ ಒಣಗಿಸತೊಡಗಿತು.

ಔಷಧಿ ಹೊಡೆದಷ್ಟೂ ಹುಳು ಹೆಚ್ಚಿದ್ದು ಏಕೆ? ಕಂದು ಜಿಗಿಹುಳು ತನ್ನ ಮೊಟ್ಟೆಗಳನ್ನು ಎಲೆಯ ಒರೆಯ ಒಳಗೆ ಇಡುತ್ತದೆ. ಸಿಂಪಡಿಸಿದ ಔಷಧಿ ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ಬುಡದಲ್ಲಿ ಓಡಾಡುತ್ತಾ ಜಿಗಿಹುಳುವನ್ನು ತಿನ್ನುವ ಜೇಡಗಳು, ಅದರ ಮೊಟ್ಟೆಯನ್ನು ಹೀರುವ ಮಿರಿಡ್ ತಿಗಣೆಗಳು, ಗುಲಗಂಜಿ ಹುಳುಗಳು ಇವೆಲ್ಲ ಒಂದೇ ಸಿಂಪರಣೆಯಲ್ಲಿ ಸತ್ತುಹೋಗುತ್ತವೆ. ಕೆಲವೇ ದಿನಗಳಲ್ಲಿ ಮೊಟ್ಟೆಯೊಡೆದು ಹೊರಬಂದ ಮರಿಗಳಿಗೆ ಶತ್ರುಗಳೇ ಇರುವುದಿಲ್ಲ. ಹೀಗೆ ಕಾವಲುಗಾರನನ್ನು ಕೊಂದು ಕಳ್ಳನಿಗೆ ಬಾಗಿಲು ತೆರೆದಂತಾಗಿತ್ತು.

ವಿಜ್ಞಾನಿಗಳ ಸಲಹೆಯ ಮೇರೆಗೆ ಇಂಡೋನೇಷ್ಯಾದ ಅಧ್ಯಕ್ಷರು 1986ರ ನವೆಂಬರ್‌ನಲ್ಲಿ ಒಂದು ಆದೇಶ ಹೊರಡಿಸಿ, ಭತ್ತದ ಮೇಲೆ 57 ಕೀಟನಾಶಕಗಳ ಬಳಕೆಯನ್ನು ನಿಷೇಧಿಸಿದರು. 1989ರ ವೇಳೆಗೆ ಸಹಾಯಧನವನ್ನೂ ಹಂತಹಂತವಾಗಿ ತೆಗೆದುಹಾಕಲಾಯಿತು. ಆದರೆ ಆದೇಶದಿಂದ ಡಬ್ಬಿಯನ್ನು ಅಂಗಡಿಯಿಂದ ತೆಗೆಸಬಹುದೇ ಹೊರತು ರೈತನ ಮನಸ್ಸಿನ ಭಯವನ್ನು ತೆಗೆಸಲಾಗದು. ಹುಳು ಕಂಡಾಗ ಕೈ ಕಟ್ಟಿ ಕುಳಿತುಕೊಳ್ಳುವ ಧೈರ್ಯ ಬರಬೇಕಾದರೆ ಗದ್ದೆಯಲ್ಲಿ ಏನು ನಡೆಯುತ್ತಿದೆ ಎಂಬುದು ರೈತನಿಗೇ ತಿಳಿಯಬೇಕು. ಈ ಉದ್ದೇಶದಿಂದ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನೊಡನೆ 1989ರಲ್ಲಿ ಜಾವಾದಲ್ಲಿ ಆರಂಭವಾದುದೇ ರೈತರ ಕ್ಷೇತ್ರ ಪಾಠಶಾಲೆ.

ಗೋಡೆಯಿಲ್ಲದ ಪಾಠಶಾಲೆ

ಈ ಪಾಠಶಾಲೆಗೆ ಕಟ್ಟಡವಿಲ್ಲ, ಪಠ್ಯಪುಸ್ತಕವಿಲ್ಲ. ಒಂದು ಊರಿನ ಸುಮಾರು 25 ಜನ ರೈತರು ಒಂದು ಹಂಗಾಮಿನ ಉದ್ದಕ್ಕೂ ವಾರಕ್ಕೊಮ್ಮೆ ಬೆಳಗಿನ ಹೊತ್ತು ಗದ್ದೆಯ ಬಳಿ ಸೇರುತ್ತಿದ್ದರು. ಐದೈದು ಜನರ ತಂಡಗಳಾಗಿ ಗದ್ದೆಗೆ ಇಳಿದು, ಅಲ್ಲಲ್ಲಿ ಕೆಲವು ಬುಡಗಳನ್ನು ಆರಿಸಿ, ತೆಂಡೆಗಳೆಷ್ಟು, ಎಲೆಯ ಬಣ್ಣ ಹೇಗಿದೆ, ಪೀಡೆಯ ಹುಳುಗಳೆಷ್ಟು, ಅವುಗಳನ್ನು ತಿನ್ನುವ ಮಿತ್ರ ಹುಳುಗಳೆಷ್ಟು, ನೀರು ಎಷ್ಟಿದೆ ಎಂಬುದನ್ನೆಲ್ಲ ಎಣಿಸಿ ಗುರುತು ಹಾಕಿಕೊಳ್ಳುತ್ತಿದ್ದರು. ಬಳಿಕ ನೆರಳಿನಲ್ಲಿ ಕುಳಿತು ದೊಡ್ಡ ಹಾಳೆಯ ಮೇಲೆ ಭತ್ತದ ಪೈರಿನ ಚಿತ್ರ ಬರೆದು, ಒಂದು ಪಕ್ಕಕ್ಕೆ ಶತ್ರು ಕೀಟ, ಇನ್ನೊಂದು ಪಕ್ಕಕ್ಕೆ ಮಿತ್ರ ಕೀಟಗಳನ್ನು ಬರೆಯುತ್ತಿದ್ದರು. ಪ್ರತಿ ತಂಡವೂ ತಾನು ಕಂಡದ್ದನ್ನೂ ಈ ವಾರ ಏನು ಮಾಡಬೇಕೆಂಬುದನ್ನೂ ಉಳಿದವರ ಮುಂದೆ ಹೇಳಬೇಕು. ಉಳಿದವರು ಪ್ರಶ್ನೆ ಹಾಕಬೇಕು. ಕೊನೆಗೆ ಎಲ್ಲರೂ ಸೇರಿ ನಿರ್ಧರಿಸಬೇಕು.

ಅನುವುಗಾರರು ಇಲ್ಲಿ ಪಾಠ ಹೇಳುವ ಮೇಷ್ಟರಾಗಿರಲಿಲ್ಲ. "ಇದು ಏನು?" ಎಂದು ರೈತ ಕೇಳಿದರೆ "ಎಲ್ಲಿ ಸಿಕ್ಕಿತು? ಏನು ತಿನ್ನುತ್ತಿತ್ತು?" ಎಂದು ಮರುಪ್ರಶ್ನೆ ಹಾಕುವುದೇ ಅವರಿಗೆ ಕಲಿಸಿದ್ದ ಕ್ರಮ. ಜೇಡ ಜಿಗಿಹುಳುವನ್ನು ತಿನ್ನುತ್ತದೆಯೇ ಎಂಬ ಅನುಮಾನ ಬಂದರೆ ಎರಡನ್ನೂ ಒಂದು ಪಾರದರ್ಶಕ ಡಬ್ಬಿಯಲ್ಲಿ ಹಾಕಿ, ಬಾಯಿಗೆ ತೆಳು ಬಟ್ಟೆ ಕಟ್ಟಿ ಕಾದು ನೋಡುತ್ತಿದ್ದರು. ಎಲೆ ತಿನ್ನುವ ಹುಳುವಿನಿಂದ ಇಳುವರಿ ಎಷ್ಟು ಕಡಿಮೆಯಾಗುತ್ತದೆ ಎಂಬ ಪ್ರಶ್ನೆ ಬಂದರೆ, ಒಂದು ಸಣ್ಣ ತಾಕಿನಲ್ಲಿ ತಾವೇ ಕತ್ತರಿ ಹಿಡಿದು ಎಳೆಯ ಪೈರಿನ ಎಲೆಗಳಲ್ಲಿ ಒಂದು ಪಾಲನ್ನು ಕತ್ತರಿಸಿ, ಕೊಯ್ಲಿನ ತನಕ ಅದನ್ನು ಗಮನಿಸುತ್ತಿದ್ದರು. ಎಳೆಯ ವಯಸ್ಸಿನಲ್ಲಿ ಎಲೆ ಕಳೆದುಕೊಂಡ ಭತ್ತ ಮತ್ತೆ ತೆಂಡೆಯೊಡೆದು ಚೇತರಿಸಿಕೊಳ್ಳುವುದನ್ನು ಸ್ವಂತ ಕಣ್ಣಿನಿಂದ ಕಂಡ ರೈತನಿಗೆ ಬೇರೆ ಉಪದೇಶ ಬೇಕಾಗಲಿಲ್ಲ.

ಇಲ್ಲಿ ವಿಸ್ತರಣಾ ಕಾರ್ಯಕರ್ತರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಅನುವುಗಾರರಾಗಲಿದ್ದ ಸಿಬ್ಬಂದಿ ಮೊದಲು ಒಂದು ಇಡೀ ಹಂಗಾಮು ತಾವೇ ಕೆಸರಿಗಿಳಿದು, ನಾಟಿಯಿಂದ ಕೊಯ್ಲಿನ ತನಕ ಭತ್ತ ಬೆಳೆಯಬೇಕಾಗಿತ್ತು. 'ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು' ಎಂಬ ಗಾದೆ ಬೇಸಾಯಕ್ಕೆ ಎಷ್ಟು ನಿಜವೋ ಬೇಸಾಯ ಕಲಿಸುವವರಿಗೂ ಅಷ್ಟೇ ನಿಜ.

1990ರ ದಶಕದ ಕೊನೆಯ ವೇಳೆಗೆ ಇಂಡೋನೇಷ್ಯಾದಲ್ಲಿ ಸುಮಾರು 10 ಲಕ್ಷ ರೈತರು ಈ ಪಾಠಶಾಲೆಗಳಲ್ಲಿ ಕಲಿತಿದ್ದರು. ಭಾರತದಲ್ಲಿಯೂ 1990ರ ದಶಕದಲ್ಲಿ ಸಮಗ್ರ ಕೀಟ ನಿರ್ವಹಣೆಯ ಕಾರ್ಯಕ್ರಮದಡಿ ಭತ್ತ, ಹತ್ತಿ ಮೊದಲಾದ ಬೆಳೆಗಳಲ್ಲಿ ಕ್ಷೇತ್ರ ಪಾಠಶಾಲೆಗಳು ನಡೆದವು. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ರೈತರಿಗೆ ಕಂದು ಜಿಗಿಹುಳು ಅಪರಿಚಿತವಲ್ಲವಾದ್ದರಿಂದ ಜಾವಾದ ಈ ಕಥೆ ಅವರಿಗೆ ದೂರದ ಕಥೆಯಲ್ಲ.

ಸಂಘಗಳು ಹುಟ್ಟಿದ ಬಗೆ

ಅನುವುಗಾರಿಕೆ ಕೇವಲ ಹುಳುಹುಪ್ಪಟೆಗಳಿಗೆ ಸಂಬಂಧಿಸಿದ್ದಲ್ಲ. ಕರ್ನಾಟಕದ ಒಂದು ಅನುಭವ ಇದಕ್ಕೆ ಸಾಕ್ಷಿ. 1968ರಲ್ಲಿ ಆರಂಭವಾದ ಮೈರಾಡ ಸಂಸ್ಥೆ ಹಳ್ಳಿಗಳಲ್ಲಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಲು ನೆರವಾಗಿತ್ತು. 1984-85ರ ಹೊತ್ತಿಗೆ ಅವುಗಳಲ್ಲಿ ಕೆಲವು ಮುರಿದುಬಿದ್ದವು. ಮುಖಂಡರ ಮೇಲೆ ಸದಸ್ಯರಿಗೆ ನಂಬಿಕೆ ಉಳಿದಿರಲಿಲ್ಲ. ಆಗ ಪರಸ್ಪರ ನಂಬಿಕೆಯುಳ್ಳ ಕೆಲವು ಸದಸ್ಯರು ಸಣ್ಣ ಸಣ್ಣ ಗುಂಪುಗಳಾಗಿ ಸೇರಿ, ತಾವು ಪಡೆದ ಸಾಲವನ್ನು ಸಹಕಾರ ಸಂಘಕ್ಕೆ ಕಟ್ಟಲು ಮನಸ್ಸಿಲ್ಲ, ಬೇಕಾದರೆ ಮೈರಾಡಕ್ಕೇ ಕಟ್ಟುತ್ತೇವೆ ಎಂದರು.

ಹಣವನ್ನು ವಸೂಲು ಮಾಡಿಕೊಂಡು ಸುಮ್ಮನಾಗುವುದು ಸುಲಭವಾಗಿತ್ತು. ಸಂಸ್ಥೆಯವರು ಹಾಗೆ ಮಾಡದೆ, ಆ ಹಣವನ್ನು ನಿಮ್ಮ ನಿಮ್ಮ ಗುಂಪಿಗೇ ಕಟ್ಟಿ, ಅದನ್ನು ಹೇಗೆ ನಡೆಸಬೇಕೆಂದು ನೀವೇ ಕುಳಿತು ನಿರ್ಧರಿಸಿ ಎಂದು ಪ್ರೋತ್ಸಾಹಿಸಿದರು. ಯಾರಿಗೆ ಸಾಲ ಕೊಡಬೇಕು, ಬಡ್ಡಿ ಎಷ್ಟು, ತಪ್ಪಿದವರಿಗೆ ದಂಡ ಎಷ್ಟು ಎಂಬ ನಿಯಮಗಳನ್ನು ಸದಸ್ಯರೇ ಮಾಡಿಕೊಂಡರು. ಲೆಕ್ಕ ಬರೆಯುವುದು, ಸಭೆ ನಡೆಸುವುದು, ಜಗಳ ಬಿಡಿಸುವುದು ಇವುಗಳಲ್ಲಿ ಮಾತ್ರ ಹೊರಗಿನವರು ತರಬೇತಿ ಕೊಟ್ಟರು. 1987ರಲ್ಲಿ ನಬಾರ್ಡ್ ಈ ಸಂಘಗಳ ಪ್ರಯೋಗಕ್ಕೆ 10 ಲಕ್ಷ ರೂಪಾಯಿಗಳ ನೆರವು ನೀಡಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳೊಂದಿಗೆ ಜೋಡಿಸುವ ಪ್ರಾಯೋಗಿಕ ಯೋಜನೆಯನ್ನು ಆರಂಭಿಸಿತು. ಇಂದು ದೇಶದ ಮೂಲೆಮೂಲೆಗಳಲ್ಲಿರುವ ಸ್ವಸಹಾಯ ಸಂಘಗಳ ಬೇರುಗಳಲ್ಲಿ ಇದೂ ಒಂದು.

ಆ ದಿನ ಸಂಸ್ಥೆಯವರು "ಹಣ ಇಲ್ಲಿ ಕೊಡಿ" ಎಂದಿದ್ದರೆ ಸಾಲದ ಲೆಕ್ಕ ಮುಗಿಯುತ್ತಿತ್ತು, ಸಂಘಗಳು ಹುಟ್ಟುತ್ತಿರಲಿಲ್ಲ ಎಂಬುದನ್ನು ಮರೆಯಬಾರದು.

ಆಸೆಯೇ ಬೇರೆ, ಗುರಿಯೇ ಬೇರೆ

ಗುಂಪಿಗೆ ಅನುವು ಮಾಡಿಕೊಡುವುದು ಒಂದು ಕೆಲಸವಾದರೆ, ಒಂದೊಂದು ಕುಟುಂಬದ ಜೊತೆ ಕುಳಿತು ಅದರ ಗುರಿಯನ್ನು ಸ್ಪಷ್ಟಪಡಿಸಿಕೊಳ್ಳಲು ನೆರವಾಗುವುದು ಇನ್ನೊಂದು ಕೆಲಸ. ಇದು ಮಾರ್ಗದರ್ಶಕನ ಪಾತ್ರ. ಇದನ್ನು ಒಂದು ಕಲ್ಪಿತ ಉದಾಹರಣೆಯಿಂದ ವಿವರಿಸಬಹುದು.

ಕೋಲಾರದ ಕಡೆಯ ಒಬ್ಬ ರೈತನಿಗೆ ನಾಲ್ಕು ಎಕರೆ ಖುಷ್ಕಿ ಜಮೀನಿದೆ. ರಾಗಿ ಬೆಳೆಯುತ್ತಾನೆ. ಒಂದು ಹಸು ಇದೆ. ಮಗಳು ಪದವಿಪೂರ್ವ ಕಾಲೇಜಿನಲ್ಲಿ ಓದುತ್ತಿದ್ದಾಳೆ. ಕೃಷಿ ಅಧಿಕಾರಿ ಮನೆಗೆ ಬಂದಾಗ ನಡೆಯುವ ಮಾತುಕತೆ ಹೀಗಿರಬಹುದು:

"ಯಜಮಾನರೇ, ಮೂರು ವರ್ಷ ಆದಮೇಲೆ ನಿಮ್ಮ ಬೇಸಾಯ ಹೇಗಿರಬೇಕು ಅಂತ ನಿಮ್ಮ ಮನಸ್ಸಿನಲ್ಲಿದೆ?"

"ಒಂದು ಬೋರ್ ಬಿದ್ದರೆ ಸಾಕು ಸಾರ್. ಟೊಮೇಟೊ ಹಾಕ್ತೀನಿ."

"ನಿಮ್ಮ ಅಕ್ಕಪಕ್ಕದವರು ಬೋರ್ ಕೊರೆಸಿದ್ದಾರಾ?"

"ಆರು ಜನ ಕೊರೆಸಿದ್ರು. ಇಬ್ಬರಿಗೆ ನೀರು ಬಂತು. ಅದರಲ್ಲಿ ಒಂದು ಹೋದ ಬೇಸಿಗೇಲಿ ನಿಂತುಹೋಯ್ತು."

"ಕೊರೆಸೋಕೆ ದುಡ್ಡು?"

"ಸಾಲ ಮಾಡ್ಬೇಕು."

ಅಷ್ಟರಲ್ಲಿ ಒಳಗಿನಿಂದ ಬಂದ ಮನೆಯಾಕೆಯನ್ನೂ ಅಧಿಕಾರಿ ಕೇಳುತ್ತಾರೆ: "ಅಮ್ಮಾ, ನೀವು ಹೇಳಿ. ಮೂರು ವರ್ಷಕ್ಕೆ ಮನೇಲಿ ಏನು ಬದಲಾಗಿರಬೇಕು?"

"ನನಗೆ ಬೋರೂ ಗೊತ್ತಿಲ್ಲ, ಟೊಮೇಟೊನೂ ಗೊತ್ತಿಲ್ಲ ಸಾರ್. ಮಗಳ ಫೀಸು ಕಟ್ಟೋ ತಿಂಗಳಲ್ಲಿ ಬಡ್ಡಿ ಸಾಲಕ್ಕೆ ಇನ್ನೊಬ್ಬರ ಬಾಗಿಲಿಗೆ ಹೋಗಬಾರದು. ಅಷ್ಟಾದ್ರೆ ಸಾಕು."

ಕೊಳವೆಬಾವಿ ಆ ಮನೆಯ ಆಸೆ. ಬಡ್ಡಿ ಸಾಲವಿಲ್ಲದೆ ಮಗಳನ್ನು ಓದಿಸುವುದು ಅದರ ಗುರಿ. ಆಸೆ ಮೊದಲ ಮಾತಿನಲ್ಲೇ ಬಂತು. ಗುರಿ ಹೊರಬರಲು ನಾಲ್ಕು ಪ್ರಶ್ನೆಗಳು ಬೇಕಾದವು, ಅದೂ ಮನೆಯ ಹೆಂಗಸಿನ ಬಾಯಿಂದ ಬಂತು. ಅಂತರ್ಜಲ ಪಾತಾಳ ಕಂಡಿರುವ ಪ್ರದೇಶದಲ್ಲಿ ಸಾಲ ಮಾಡಿ ಕೊಳವೆಬಾವಿ ಕೊರೆಸುವುದು ಆ ಗುರಿಗೇ ವಿರುದ್ಧವಾದ ದಾರಿಯಾಗಬಹುದು ಎಂಬುದು ಅಧಿಕಾರಿಗೆ ಮೊದಲೇ ಗೊತ್ತಿರಬಹುದು. ಆದರೆ ಅದನ್ನು ಅವರು ಹೇಳಿದರೆ ಉಪದೇಶವಾಗುತ್ತದೆ. ಆರರಲ್ಲಿ ಉಳಿದದ್ದು ಒಂದೇ ಎಂಬ ಲೆಕ್ಕ ರೈತನ ಬಾಯಿಂದಲೇ ಬಂದರೆ ಅದು ಆತನ ತೀರ್ಮಾನವಾಗುತ್ತದೆ.

ಮುಂದಿನ ಹೆಜ್ಜೆ ಲೆಕ್ಕದ್ದು. ಪಡಸಾಲೆಯ ನೆಲದ ಮೇಲೆ ಸೀಮೆಸುಣ್ಣದಿಂದ ಹನ್ನೆರಡು ಮನೆ ಬರೆದು, ಯುಗಾದಿಯಿಂದ ಯುಗಾದಿಗೆ ತಿಂಗಳು ತಿಂಗಳಿಗೆ ಬರುವ ಹಣಕ್ಕೆ ಹುಣಿಸೆ ಬೀಜ, ಹೋಗುವ ಹಣಕ್ಕೆ ಕಲ್ಲುಹರಳು ಇಟ್ಟರೆ ಓದುಬರಹ ಬಾರದವರಿಗೂ ಕೊರತೆಯ ತಿಂಗಳು ಯಾವುದೆಂದು ಕಾಣುತ್ತದೆ. ಮುಂಗಾರಿನ ಬಿತ್ತನೆಯ ಖರ್ಚು ಮತ್ತು ಕಾಲೇಜಿನ ಶುಲ್ಕ ಎರಡೂ ಒಂದೇ ಕಾಲಕ್ಕೆ ಬರುತ್ತವೆ. ರಾಗಿಯ ಹಣ ಬರುವುದು ಸುಗ್ಗಿಯ ಮೇಲೆ. ಸಮಸ್ಯೆ ಒಟ್ಟು ಆದಾಯದ್ದಷ್ಟೇ ಅಲ್ಲ, ಅದು ಬರುವ ಕಾಲದ್ದೂ ಹೌದು ಎಂಬುದು ಆಗ ಸ್ಪಷ್ಟವಾಗುತ್ತದೆ.

ಇಷ್ಟಾದ ಮೇಲೆ ತಾಂತ್ರಿಕ ಮಾಹಿತಿಗೆ ಬೆಲೆ ಬರುತ್ತದೆ. ಒಂದು ಎಕರೆಯ ಮೇಲೆ 1 ಸೆಂ.ಮೀ. ಮಳೆ ಬಿದ್ದರೆ ಅದು ಸುಮಾರು 40 ಸಾವಿರ ಲೀಟರ್ ನೀರು. ಮೇಲ್ಭಾಗದಲ್ಲಿ 10 ಮೀಟರ್ ಉದ್ದ, 10 ಮೀಟರ್ ಅಗಲ, 3 ಮೀಟರ್ ಆಳ ಮತ್ತು 1:1 ಇಳಿಜಾರಿನ ಪಕ್ಕಗಳಿರುವ ಕೃಷಿ ಹೊಂಡದಲ್ಲಿ ಸುಮಾರು 1.5 ಲಕ್ಷ ಲೀಟರ್ ನೀರು ಹಿಡಿಸುತ್ತದೆ. ಕೆಂಪು ಮಣ್ಣಿನಲ್ಲಿ ನೀರು ಇಂಗಿಹೋಗದಂತೆ ತಳಕ್ಕೂ ಪಕ್ಕಗಳಿಗೂ ಪ್ಲಾಸ್ಟಿಕ್ ಹೊದಿಕೆ ಹಾಕಬೇಕು. ಆವಿಯಾಗಿ ಸ್ವಲ್ಪ ನೀರು ಹೋದರೂ, ತೆನೆ ಬರುವ ಕಾಲಕ್ಕೆ ಮಳೆ ಕೈಕೊಟ್ಟಾಗ ಒಂದು ಎಕರೆಗೆ 2.5 ಸೆಂ.ಮೀ.ನಷ್ಟು ನೀರನ್ನು ಒಮ್ಮೆ ಕೊಡಲು ಬೇಕಾದ 1 ಲಕ್ಷ ಲೀಟರ್ ಅದರಲ್ಲಿ ಉಳಿಯುತ್ತದೆ. 8 ಸಾಲು ರಾಗಿಗೆ 2 ಸಾಲು ತೊಗರಿ ಹಾಕಿದರೆ ರಾಗಿ ಕೊಯ್ದ ಮೇಲೂ ಹೊಲದಲ್ಲಿ ಒಂದು ಬೆಳೆ ನಿಂತಿರುತ್ತದೆ. ಬದುಗಳ ಮೇಲೆ ಮೇವಿನ ಹುಲ್ಲು ಬೆಳೆಸಿದರೆ ಎರಡನೆಯ ಹಸುವನ್ನು ಸಾಕಬಹುದು. ಹಾಲಿನ ಹಣ ವಾರ, ಹದಿನೈದು ದಿನಕ್ಕೊಮ್ಮೆ ಕೈಗೆ ಬರುವುದರಿಂದ ಕೊರತೆಯ ತಿಂಗಳಿಗೆ ಅದು ಆಸರೆ. ಇವುಗಳಲ್ಲಿ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಮಾತ್ರ ಗಂಡ ಹೆಂಡತಿ ಇಬ್ಬರೂ ಕುಳಿತು ನಿರ್ಧರಿಸಬೇಕು. ಹಸು ಹೆಚ್ಚಾದರೆ ಕೆಲಸ ಹೆಚ್ಚುವುದು ಯಾರಿಗೆ ಎಂಬ ಪ್ರಶ್ನೆಯೂ ಅಲ್ಲೇ ಬರಬೇಕು. 'ಹಾಸಿಗೆ ಇದ್ದಷ್ಟು ಕಾಲು ಚಾಚು' ಎಂಬ ಮಾತು ಇಲ್ಲಿ ಹಣಕ್ಕೂ ಅನ್ವಯಿಸುತ್ತದೆ, ದುಡಿಮೆಗೂ ಅನ್ವಯಿಸುತ್ತದೆ.

ಅನುವುಗಾರರು ಪಾಲಿಸಬೇಕಾದ ಕ್ರಮ

ಮೇಲಿನ ಅನುಭವಗಳಿಂದ ವಿಸ್ತರಣಾ ಕಾರ್ಯಕರ್ತರು ಮತ್ತು ರೈತ ಮುಖಂಡರು ಈ ಕೆಳಗಿನ ಅಂಶಗಳನ್ನು ಅಳವಡಿಸಿಕೊಳ್ಳಬಹುದು:

1. ಮೊದಲು ಇಂದಿನ ಸ್ಥಿತಿಯನ್ನು ಕಣ್ಣಿಗೆ ಕಾಣುವಂತೆ ಮಾಡಬೇಕು. ಊರಿನ ನಕ್ಷೆಯನ್ನು ಊರಿನವರೇ ನೆಲದ ಮೇಲೆ ರಂಗೋಲಿ ಪುಡಿಯಿಂದ ಬರೆಯಲಿ. ಅಳಿಸುವ ಕೈ ಮತ್ತು ತಿದ್ದುವ ಕೈ ಅವರದೇ ಆಗಿರಲಿ.

2. "ಏನು ಬೇಕು?" ಎಂದು ಕೇಳಿ ಪಟ್ಟಿ ಮಾಡಿಕೊಳ್ಳಬಾರದು, ಪಟ್ಟಿ ಮಾಡಿದರೆ ಸರ್ಕಾರದಿಂದ ಸಿಗುವ ವಸ್ತುಗಳ ಹೆಸರುಗಳಷ್ಟೇ ಬರುತ್ತವೆ. "ಅದು ಸಿಕ್ಕಿದರೆ ಮನೆಯಲ್ಲಿ ಏನು ಬದಲಾಗುತ್ತದೆ?" ಎಂಬ ಎರಡನೆಯ ಪ್ರಶ್ನೆಯಿಂದ ಗುರಿ ಹೊರಬರುತ್ತದೆ.

3. ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಲು ಕಲಿಯಬೇಕು. ರೈತ ಯೋಚಿಸುತ್ತಿರುವ ಆ ಅರ್ಧ ನಿಮಿಷವನ್ನು ತಮ್ಮ ಮಾತಿನಿಂದ ತುಂಬುವುದೇ ಅನೇಕ ಕಾರ್ಯಕರ್ತರು ಮಾಡುವ ತಪ್ಪು.

4. ಸಭೆಯಲ್ಲಿ ಮಾತಾಡದವರನ್ನು ಗಮನಿಸಬೇಕು. ಮುಂದಿನ ಸಾಲಿನ ನಾಲ್ಕು ಜನರ ಮಾತು ಇಡೀ ಊರಿನ ಮಾತಲ್ಲ. ಹೆಂಗಸರು, ಕೂಲಿಗೆ ಹೋಗುವವರು ಮತ್ತು ಕೇರಿಯ ಜನ ಹಗಲು ಸಭೆಗೆ ಬರಲಾಗದಿದ್ದರೆ ಸಭೆಯ ಹೊತ್ತು ಮತ್ತು ಜಾಗವನ್ನೇ ಬದಲಾಯಿಸಬೇಕು.

5. ದೊಡ್ಡ ಗುರಿಯನ್ನು ಒಂದು ಹಂಗಾಮಿನಲ್ಲಿ ಮಾಡಿ ಮುಗಿಸಬಹುದಾದ ಸಣ್ಣ ಹೆಜ್ಜೆಯಾಗಿ ಒಡೆಯಬೇಕು. ಹೊಸ ಕ್ರಮವನ್ನು ಇಡೀ ಹೊಲದಲ್ಲಿ ಮಾಡದೆ, ಹಳೆಯ ಕ್ರಮದ ಪಕ್ಕದಲ್ಲೇ ಒಂದು ತಾಕಿನಲ್ಲಿ ಮಾಡಿ ಹೋಲಿಸಬೇಕು. ತೂಕವನ್ನು ರೈತನೇ ಮಾಡಬೇಕು.

6. ಒಪ್ಪಿಕೊಂಡದ್ದನ್ನು ಬರೆದಿಟ್ಟು, ಗೊತ್ತಾದ ದಿನ ಮತ್ತೆ ಬರಬೇಕು. ಮಾತು ಕೊಟ್ಟ ದಿನ ಬಾರದ ಅನುವುಗಾರರಿಗಿಂತ ಬರುವುದಿಲ್ಲ ಎಂದು ಹೇಳಿದವರೇ ಮೇಲು.

7. ತಮಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಒಪ್ಪಿಕೊಳ್ಳಬೇಕು.

ಮಿತಿಗಳು

ಪ್ರತಿಯೊಂದಕ್ಕೂ ಮರುಪ್ರಶ್ನೆ ಹಾಕುವುದು ಅನುವುಗಾರಿಕೆಯಲ್ಲ. ಔಷಧಿ ಸಿಂಪಡಿಸುವಾಗ ತಲೆಸುತ್ತಿ ಬಿದ್ದವನ ಮನೆಯವರಿಗೆ "ನೀವೇನು ಯೋಚಿಸುತ್ತೀರಿ?" ಎಂದು ಕೇಳುವಂತಿಲ್ಲ, ಬಟ್ಟೆ ಬದಲಿಸಿ, ಮೈ ತೊಳೆದು, ಔಷಧಿಯ ಡಬ್ಬಿಯ ಸಮೇತ ತಕ್ಷಣ ಆಸ್ಪತ್ರೆಗೆ ಸಾಗಿಸಬೇಕೆಂದು ನೇರವಾಗಿ ಹೇಳಬೇಕು. ಬೀಜೋಪಚಾರದ ಪ್ರಮಾಣ, ಬೆಳೆ ವಿಮೆ ಕಟ್ಟಬೇಕಾದ ಕಡೆಯ ದಿನ, ಮಣ್ಣು ಪರೀಕ್ಷೆಗೆ ಮಾದರಿ ತೆಗೆಯುವ ಕ್ರಮ ಇವೆಲ್ಲ ಸ್ಪಷ್ಟವಾಗಿ ತಿಳಿಸಬೇಕಾದ ವಿಷಯಗಳು. ಮಾಹಿತಿ ಕೇಳಿದವರಿಗೆ ಮಾಹಿತಿ ಕೊಡಬೇಕು. ತೀರ್ಮಾನವನ್ನು ಮಾತ್ರ ಅವರಿಗೇ ಬಿಡಬೇಕು. ಈ ಎರಡರ ವ್ಯತ್ಯಾಸ ತಿಳಿದಿರುವುದೇ ಅನುವುಗಾರರ ಜಾಣ್ಮೆ.

ಜಾವಾದ ಅನುಭವದಲ್ಲಿಯೂ ಎರಡು ಎಚ್ಚರಿಕೆಗಳಿವೆ. 2004ರಲ್ಲಿ ಪ್ರಕಟವಾದ, ವಿಶ್ವ ಬ್ಯಾಂಕಿನ ಸಂಶೋಧಕರು ನಡೆಸಿದ ಒಂದು ಅಧ್ಯಯನವು ಕ್ಷೇತ್ರ ಪಾಠಶಾಲೆಗೆ ಹೋದವರಲ್ಲಿಯೂ ಅವರ ನೆರೆಯವರಲ್ಲಿಯೂ ಇಳುವರಿ ಅಥವಾ ಕೀಟನಾಶಕ ಬಳಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲವೆಂದು ತಿಳಿಸಿತು. ಬೇರೆ ಅಧ್ಯಯನಗಳು ಕೀಟನಾಶಕ ಬಳಕೆ ಕಡಿಮೆಯಾದುದನ್ನು ತೋರಿಸಿವೆ. ಪಾಠಶಾಲೆಗಳ ಸಂಖ್ಯೆ ಹೆಚ್ಚಿಸುವ ಅವಸರದಲ್ಲಿ ಗುಣಮಟ್ಟ ಇಳಿದರೆ ಫಲ ಸಿಗದು ಎಂಬುದನ್ನು ಇದರಿಂದ ತಿಳಿಯಬೇಕು. ಗದ್ದೆಯಲ್ಲಿ ನೋಡಿ ಕಲಿತದ್ದನ್ನು ಮಾತಿನಲ್ಲಿ ಕೇಳಿದವನು ಕಲಿಯಲಾರ. ಆದ್ದರಿಂದ ಒಬ್ಬನಿಗೆ ಕಲಿಸಿದರೆ ಊರಿಗೇ ಹರಡುತ್ತದೆ ಎಂದು ಭಾವಿಸುವಂತಿಲ್ಲ. ಎರಡನೆಯದಾಗಿ, 2000ದ ನಂತರದ ವರ್ಷಗಳಲ್ಲಿ ಅಲ್ಲಿ ಕೀಟನಾಶಕಗಳ ಮಾರಾಟ ಮತ್ತೆ ಹೆಚ್ಚಿತು. 2010-11ರಲ್ಲಿ ಜಾವಾದಲ್ಲಿ ಕಂದು ಜಿಗಿಹುಳು ಮತ್ತೆ ಹಾವಳಿ ಮಾಡಿತು. ಅನುವುಗಾರರು ಬರುವುದು ನಿಂತ ಗದ್ದೆಗೂ ಮಾರಾಟಗಾರರು ಬರುವುದು ನಿಲ್ಲುವುದಿಲ್ಲ. ಆದ್ದರಿಂದ ಹೊರಗಿನವರು ಹಿಂದೆ ಸರಿಯುವ ಮೊದಲೇ ಊರಿನಲ್ಲೇ ಇಬ್ಬರು ಮೂವರು ಅನುವುಗಾರರು ತಯಾರಾಗಿರಬೇಕು, ವಾರಕ್ಕೊಮ್ಮೆ ಸೇರುವ ಅಭ್ಯಾಸ ಸಂಘಕ್ಕೆ ಅಂಟಿರಬೇಕು.

ಕಡೆಯ ಮಾತು

ರೈತ ಬಾಂಧವರೇ, ಅನುವುಗಾರರು ಊರಿಗೆ ಬರಲೆಂದು ಕಾಯಬೇಕಾಗಿಲ್ಲ. ಈ ಹಂಗಾಮಿನಲ್ಲೇ ನೆರೆಯ ನಾಲ್ಕು ರೈತರು ಸೇರಿ ವಾರಕ್ಕೊಂದು ಬೆಳಗ್ಗೆ ಒಬ್ಬೊಬ್ಬರ ಹೊಲ ಸುತ್ತಬಹುದು. ಕಂಡದ್ದನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಬಹುದು. ಮನೆಯಲ್ಲಿ ಒಂದು ಸಂಜೆ ಎಲ್ಲರೂ ಕುಳಿತು ಹನ್ನೆರಡು ತಿಂಗಳ ಮನೆ ಬರೆದು ಹುಣಿಸೆ ಬೀಜ, ಕಲ್ಲುಹರಳು ಇಟ್ಟು ನೋಡಬಹುದು. ಇದಕ್ಕೆ ಯಾವ ಸಹಾಯಧನವೂ ಬೇಕಿಲ್ಲ.

ವಿಸ್ತರಣಾ ಕಾರ್ಯಕರ್ತ ಮಿತ್ರರೇ, ಮುಂದಿನ ಸಲ ರೈತನೊಬ್ಬ ಅಂಗೈಯಲ್ಲಿ ಹುಳು ಹಿಡಿದು ಬಂದಾಗ ನಾಲಿಗೆಯ ತುದಿಯಲ್ಲಿರುವ ಉತ್ತರವನ್ನು ಒಂದು ಕ್ಷಣ ತಡೆದು, "ಎಲ್ಲಿ ಸಿಕ್ಕಿತು? ಬನ್ನಿ, ನೋಡೋಣ" ಎನ್ನಿ. ಅರ್ಧ ದಿನ ಹೋಗಬಹುದು, ಕಾಲಿಗೆ ಕೆಸರಾಗಬಹುದು. ಆದರೆ ಮರುವರ್ಷ ಆ ರೈತ ಗದ್ದೆಯ ಬದುವಿನ ಮೇಲೆ ನಿಂತು, ಪಕ್ಕದ ಗದ್ದೆಯವನಿಗೆ ಅದೇ ಪ್ರಶ್ನೆಯನ್ನು ಕೇಳುತ್ತಿರುವುದನ್ನು ಕಂಡರೆ, ಆ ಅರ್ಧ ದಿನದ ಕೆಲಸ ಫಲ ಕೊಟ್ಟಿತೆಂದು ತಿಳಿಯಬಹುದು.